ಹನುಮಂತನಗರದ ಅಕ್ಕಪಕ್ಕದವರಿಗೆ, ಜೆರಾಕ್ಸ್ ಅಂಗಡಿಯಿಂದ

ಬಡಾವಣೆಯ ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಹೆಸರು ಗೊತ್ತಿರಲಿಕ್ಕಿಲ್ಲ. 50 ಅಡಿ ರಸ್ತೆಯ ಜೆರಾಕ್ಸ್ ಅಂಗಡಿಯವನು ಅಂದರೆ ಗೊತ್ತಾಗುತ್ತದೆ. ನಿಮ್ಮ ಆಧಾರ್ ಕಾರ್ಡಿನ ಫೋಟೊ ನಿಮಗಿಂತ ನನಗೇ ಚೆನ್ನಾಗಿ ನೆನಪಿದೆ. ಇಪ್ಪತ್ತೆರಡು ವರ್ಷದಿಂದ ಈ ಬಡಾವಣೆಯ ಹುಟ್ಟು, ಸಾವು, ಮನೆ ಮಾರಾಟ, ಮಕ್ಕಳ ಸೀಟು ಎಲ್ಲವೂ ನನ್ನ ಮೆಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ.

ಹೋದ ತಿಂಗಳು ಸುಮ್ನೆ ಒಂದು ಆಟ ಶುರು ಮಾಡಿದೆ. ಅಂಗಡಿಗೆ ಬಂದವರಿಗೆಲ್ಲ ಎರಡು ಪ್ರಶ್ನೆ. ಬೆಂಗಳೂರಿಗೆ ಈಗ ಐದು ಪಾಲಿಕೆ ಆಗಿವೆಯಲ್ಲ, ನಾವು ಯಾವುದಕ್ಕೆ ಸೇರುತ್ತೇವೆ? ನಮ್ಮ ಮನೆ ಇರುವುದು ಯಾವ ವಾರ್ಡಿನಲ್ಲಿ? ಒಂದು ವಾರ ಕೇಳಿದೆ. ಎರಡಕ್ಕೂ ತಡವರಿಸದೆ ಉತ್ತರ ಕೊಟ್ಟವರು ಮೂವರೇ. ಒಬ್ಬ ಕಸದ ಆಟೊ ಓಡಿಸುವ ಹುಡುಗ. ಇನ್ನೊಬ್ಬರು ಅಂಗನವಾಡಿ ಟೀಚರ್. ಮೂರನೆಯವರು ಕಾರ್ಪೊರೇಟರ್ ಟಿಕೆಟ್‌ಗೆ ಓಡಾಡುತ್ತಿರುವವರು.

ಉಳಿದವರ ಉತ್ತರ ಹೀಗಿತ್ತು. ‘ದಕ್ಷಿಣ ಅಲ್ವಾ?’ ಅಂದರು ಒಬ್ಬರು ಹಿರಿಯರು. ‘ಲೋಕಸಭೆಗೆ ದಕ್ಷಿಣ ಹೌದು ಸಾರ್, ವಿಧಾನಸಭೆಗೆ ಬಸವನಗುಡಿ. ನಾನು ಕೇಳ್ತಿರೋದು ಪಾಲಿಕೆ’ ಅಂದೆ. ‘ಯಾವುದಾದರೇನಪ್ಪ, ರಸ್ತೆ ಗುಂಡಿ ಅದೇ ತಾನೆ’ ಅಂತ ನಕ್ಕು, ಆಮೇಲೆ ಅಮೆರಿಕದವರು ಯಾವ ಸಾಮಾನಿಗೆ ಎಷ್ಟು ಸುಂಕ ಹಾಕಿದ್ದಾರೆ ಅಂತ ಹತ್ತು ನಿಮಿಷ ವಿವರಿಸಿದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ತಮಾಷೆ ಅದೇ.

ಪಾಲಿಕೆ ಯಾವುದು ಅಂತ ನಾನಿಲ್ಲಿ ಬರೆಯುವುದಿಲ್ಲ. ನೀವೇ ಹುಡುಕಿ. ಫೋನಿನಲ್ಲಿ ಐದು ನಿಮಿಷದ ಕೆಲಸ.

ಈ ಪತ್ರ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಕೈಯಿಂದ ಒಂದು ವಸ್ತು ಕಳೆದುಹೋಗಿ ವರ್ಷಗಳೇ ಆದವು, ನಾವು ಅದನ್ನು ಹುಡುಕಲೂ ಇಲ್ಲ. ನಾವು ಕಾರ್ಪೊರೇಟರ್‌ಗೆ ಕೊನೆಯ ಸಲ ವೋಟು ಹಾಕಿದ್ದು 2015ರ ಆಗಸ್ಟ್ 22ಕ್ಕೆ. ಆಗ ಊರಿಗೆಲ್ಲ 198 ವಾರ್ಡು. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷ ದಾಟಿದರೂ ಚುನಾವಣೆ ಇಲ್ಲ. ಆಡಳಿತಾಧಿಕಾರಿಗಳು ಬಂದರು, ಹೋದರು. ವಾರ್ಡು 243 ಅಂದರು, ಆಮೇಲೆ 225 ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯಿತು. ಈಗ ಒಟ್ಟು 369 ವಾರ್ಡು. ಅಷ್ಟರಲ್ಲಿ ಹುಟ್ಟಿದ ಮಗು ಶಾಲೆಗೆ ಸೇರಿ ನನ್ನ ಅಂಗಡಿಗೆ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಬರುತ್ತಿದೆ.

ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ನಗರ ಪಾಲಿಕೆಗೆ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು ಅಂತ ಅದರಲ್ಲಿ ಬಿಡಿಸಿ ಬರೆದಿದೆ. ಇದು ನಮಗೆ ಮೊದಲ ಸಲವೂ ಅಲ್ಲ. 2006ರ ಕೊನೆಗೆ ಹಳೆಯ ಕೌನ್ಸಿಲ್ ಹೋದಾಗ ಹೊಸದು ಬರಲು 2010ರ ಮಾರ್ಚ್‌ವರೆಗೆ ಕಾದೆವು. ಈ ಸಲ 2020ರಲ್ಲೇ ವಿಷಯ ಕೋರ್ಟಿಗೆ ಹೋಯಿತು. ಚುನಾವಣೆ ಮಾಡಿ ಅಂತ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕೋರ್ಟಿಗೆ ಹೋದವರಲ್ಲಿ ಮಾಜಿ ಕಾರ್ಪೊರೇಟರ್‌ಗಳಿದ್ದರು. ಅವರಿಗೆ ತಮ್ಮ ಕುರ್ಚಿ ಹೋಗಿದ್ದು ಗೊತ್ತಾಯಿತು. ನಮ್ಮ ಕುರ್ಚಿಯೂ ಹೋಗಿದೆ ಅಂತ ನಮಗೆ ಹೊಳೆಯಲಿಲ್ಲ.

ಈ ಐದು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ಎಷ್ಟೋ ಮನವಿ ಪತ್ರ ಟೈಪ್ ಆಗಿವೆ. ಪಾರ್ಕಿಂಗ್ ಜಗಳ, ನಾಯಿ ಕಾಟ, ಪಕ್ಕದ ಮನೆಯ ಬೋರ್‌ವೆಲ್ ಸದ್ದು. ನಮಗೆ ಕಾರ್ಪೊರೇಟರ್ ಇಲ್ಲ, ಚುನಾವಣೆ ಮಾಡಿ ಅಂತ ಒಬ್ಬರೂ ಒಂದು ಹಾಳೆ ಟೈಪ್ ಮಾಡಿಸಲಿಲ್ಲ. 2025ರ ದಸರೆ ಹೊತ್ತಿಗೆ ವಾರ್ಡುಗಳ ಹೊಸ ಗಡಿಯ ಕರಡು ಬಂತು. ಆಕ್ಷೇಪಣೆ ಹೇಳಲು ಎರಡು ವಾರ ಸಮಯ ಕೊಟ್ಟಿದ್ದರು. ನಾನು ಆ ಮ್ಯಾಪನ್ನು ಪ್ರಿಂಟ್ ಹಾಕಿ ಅಂಗಡಿ ಗೋಡೆಗೆ ಅಂಟಿಸಿದೆ. ಅದನ್ನು ನೋಡಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಮೆಟ್ರೊ ಬರುತ್ತೇನ್ರೀ ಇಲ್ಲಿ?’

ನಾನು ದೊಡ್ಡ ಸಾಚಾ ಅಂದುಕೊಳ್ಳಬೇಡಿ. 2015ರ ಆ ಆಗಸ್ಟ್ 22 ಶನಿವಾರ ಇತ್ತು. ಎರಡು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂತ ನಾನು ಅಂಗಡಿ ಮುಚ್ಚಿ, ಹೆಂಡತಿ ಮಕ್ಕಳು, ಭಾವನ ಮನೆಯವರು ಎಲ್ಲರನ್ನೂ ಕರೆದುಕೊಂಡು ಮುತ್ತತ್ತಿಗೆ ಹೋಗಿದ್ದೆ. ಕಾವೇರಿ ದಂಡೆಯಲ್ಲಿ ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದೆವು. ದೊಡ್ಡವರು ಆರು ಜನ, ಆರು ವೋಟು. ಆ ಸಲ ಊರಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಬೂತಿನ ಕಡೆ ತಲೆ ಹಾಕಲಿಲ್ಲ. ಅದರಲ್ಲಿ ನಾವೂ ಸೇರಿದ್ದೇವೆ. ಮುಂದಿನ ಐದು ವರ್ಷ ಅದೇ ಕಾರ್ಪೊರೇಟರನ್ನು ಬಾಯಿಗೆ ಬಂದ ಹಾಗೆ ಬೈದಿದ್ದು ಮಾತ್ರ ನಾನೇ.

ಇನ್ನೊಂದು ತಪ್ಪೂ ಇದೆ. 2018ರವರೆಗೆ ನಾನು ಫ್ಲೆಕ್ಸ್ ಆರ್ಡರ್ ತಗೊಳ್ಳುತ್ತಿದ್ದೆ. ಮುಖಂಡರ ಹುಟ್ಟುಹಬ್ಬ, ಕೆಳಗೆ ಸಾಲಾಗಿ ಇಪ್ಪತ್ತು ಹುಡುಗರ ಫೋಟೊ. ಡಿಸೈನ್ ನನ್ನದು, ಪ್ರಿಂಟ್ ಪೇಟೆಯಲ್ಲಿ. ನಿಮ್ಮ ಮಕ್ಕಳು ಶಾಲೆಗೆ ಹೋಗುವ ತಿರುವಿನಲ್ಲಿ ಎದುರಿನ ಗಾಡಿ ಕಾಣದ ಹಾಗೆ ಕಟ್ಟಿದ್ದ ಎಷ್ಟೋ ಫ್ಲೆಕ್ಸ್ ನನ್ನ ಕಂಪ್ಯೂಟರಿನಿಂದ ಹೋದವು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಊರಿನ ಫ್ಲೆಕ್ಸೆಲ್ಲ ಇಳಿಯಿತು. ನಾನೂ ಬಿಟ್ಟೆ. ಮನಸ್ಸು ಬದಲಾಗಿ ಬಿಟ್ಟೆ ಅಂತ ಹೇಳಿಕೊಳ್ಳಲು ಆಸೆ, ಆದರೆ ದಂಡಕ್ಕೆ ಹೆದರಿ ಬಿಟ್ಟಿದ್ದು.

ಮಕ್ಕಳ ಪ್ರಾಜೆಕ್ಟ್ ಅಂದೆನಲ್ಲ. ಮೂಲಭೂತ ಕರ್ತವ್ಯಗಳ ಚಾರ್ಟ್ ನನ್ನಲ್ಲಿ ವರ್ಷಕ್ಕೆ ನಲವತ್ತು ಐವತ್ತಾದರೂ ಪ್ರಿಂಟ್ ಆಗುತ್ತದೆ. 1976ರಲ್ಲಿ ಹತ್ತು ಸೇರಿಸಿದರು, 2002ರಲ್ಲಿ ಇನ್ನೊಂದು, ಒಟ್ಟು ಹನ್ನೊಂದು. ಮೊನ್ನೆ ಒಬ್ಬರು ಅಮ್ಮ ಮಗನ ಜೊತೆ ಬಂದಿದ್ದರು. ಹುಡುಗ ಓದುತ್ತಿದ್ದ, ‘ಸಾರ್ವಜನಿಕ ಸ್ವತ್ತನ್ನು ರಕ್ಷಿಸುವುದು.’ ಅವರ ಸ್ಕೂಟರ್ ಫುಟ್‌ಪಾತ್ ಮೇಲೆ ಅಡ್ಡ ನಿಂತಿತ್ತು. ಒಬ್ಬರು ಅಜ್ಜ ಅದನ್ನು ಬಳಸಿಕೊಂಡು ರಸ್ತೆಗೆ ಇಳಿದರು. ನಾನು ಏನೂ ಅನ್ನಲಿಲ್ಲ, ಗಿರಾಕಿ ನೋಡಿ. ಅಂದಹಾಗೆ ಆ ಹನ್ನೊಂದರಲ್ಲಿ ವೋಟು ಹಾಕುವುದು ಇಲ್ಲ. ಅದನ್ನು ಸಂವಿಧಾನ ನಮ್ಮ ಮರ್ಜಿಗೆ ಬಿಟ್ಟಿದೆ.

ಕಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಟ್ರಾನ್ಸ್‌ಫಾರ್ಮರ್ ಮೂಲೆಯನ್ನು ನೀವು ದಿನಾ ನೋಡುತ್ತೀರಿ. ರಂಗೋಲಿ ಹಾಕಿದರು, ದೇವರ ಫೋಟೊ ಇಟ್ಟರು. ಈಗ ಕಸದ ಕವರನ್ನು ಫೋಟೊಗೆ ತಾಗದ ಹಾಗೆ ಭಕ್ತಿಯಿಂದ ಪಕ್ಕಕ್ಕೆ ಇಡುತ್ತಾರೆ. ನಮ್ಮ ಊರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ಅಲ್ಲಿನ ಜನ ಲಾರಿಗೆ ಅಡ್ಡ ನಿಂತು, ಜಗಳ ಮಾಡಿ, 2014ರ ಕೊನೆಗೆ ಅದನ್ನು ನಿಲ್ಲಿಸಿದರು. ಒಂದು ಹಳ್ಳಿಯ ಜನ ರಸ್ತೆಗೆ ಬಂದು ಕೇಳಿದರು, ಪೇಟೆಯ ನಾವು ಮನೆಯೊಳಗೆ ಹಸಿ ಕಸ ಒಣ ಕಸ ಬೇರೆ ಮಾಡುವುದಕ್ಕೂ ಗೊಣಗುತ್ತೇವೆ.

ಯಾರನ್ನು ಏನು ಕೇಳಬೇಕು ಅನ್ನುವುದೇ ನಮಗೆ ಗೊಂದಲ. ಮ್ಯಾನ್‌ಹೋಲ್ ಉಕ್ಕಿದೆ ಅಂತ ಎಂಪಿಗೆ ಅರ್ಜಿ ಬರೆಸಲು ಬರುತ್ತಾರೆ. ರಸ್ತೆ ಪಕ್ಕದ ಮಳೆ ನೀರಿನ ಮೋರಿ ಪಾಲಿಕೆಯದು. ಅದರ ಪಕ್ಕದಲ್ಲೇ ನೆಲದೊಳಗೆ ಹೋಗುವ ಒಳಚರಂಡಿ, ಅಂದರೆ ಯುಜಿಡಿ ಲೈನು ಜಲಮಂಡಳಿಯದು, ಅವರ ನಂಬರು 1916. ಕರೆಂಟು ಕಂಬ ಬೆಸ್ಕಾಂ, 1912. ಬೀದಿ ದೀಪ ಮಾತ್ರ ಪಾಲಿಕೆಯದು, ಅದಕ್ಕೆ 1533. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೌಂಟರ್ ಮುಂದೆ ಅಂಟಿಸಿದ್ದೇನೆ. ದೆಹಲಿಯಲ್ಲಿ ಕೂತು ಕಾನೂನು ಮಾಡುವವರ ಹತ್ತಿರ ನಮ್ಮ ಕ್ರಾಸಿನ ಮ್ಯಾನ್‌ಹೋಲ್ ಬಗ್ಗೆ ಮಾತಾಡುತ್ತೇವೆ. ಅವರು ಮಾಡಿದ ಕಾನೂನಿನ ಬಗ್ಗೆ ಒಂದು ದಿನವೂ ಕೇಳಿಲ್ಲ.

ಈಗ ನಮ್ಮ ಹಿಂದಿನ ಕ್ರಾಸಿನ ಟೀಚರಮ್ಮನ ವಿಷಯ ಹೇಳಬೇಕು. ಹೆಸರು ಹಾಕಬೇಡ ಅಂದಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಎರಡು ವರ್ಷದ ಹಿಂದೆ ಅವರ ಬೀದಿಯಲ್ಲಿ ಫುಟ್‌ಪಾತಿಗೆ ಹೊಸ ಕಲ್ಲು ಹಾಸಿದರು. ಅರ್ಧ ಬೀದಿ ಮುಗಿಯುವಷ್ಟರಲ್ಲಿ ಕೆಲಸ ನಿಂತಿತು. ಕಲ್ಲು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ ಟೀಚರಮ್ಮ ಮುಗ್ಗರಿಸಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಕಟ್ಟಿಕೊಂಡೇ ಅಂಗಡಿಗೆ ಬಂದು, ‘ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಪ್ಪ, ನಾನು ಹೇಳ್ತೀನಿ’ ಅಂದರು.

ಕರ್ನಾಟಕದ ನಿಯಮದಲ್ಲಿ ಆ ಅರ್ಜಿ 150 ಪದ ಮೀರುವ ಹಾಗಿಲ್ಲ, ಒಂದೇ ವಿಷಯ ಇರಬೇಕು. ನಾನು ಉತ್ಸಾಹದಿಂದ ಅವರು ಬಿದ್ದದ್ದು, ಆಸ್ಪತ್ರೆ ಖರ್ಚು, ವಯಸ್ಸು ಎಲ್ಲ ಸೇರಿಸಿ ಟೈಪ್ ಮಾಡಿದೆ. ಕನ್ನಡಕ ಏರಿಸಿ ಓದಿದರು. ‘ನನ್ನ ಕೈ ಮುರಿದಿದ್ದು ನಾನು ಕೇಳೋ ಮಾಹಿತಿ ಅಲ್ಲ ಕಣಪ್ಪ, ಅದನ್ನ ತೆಗಿ.’ ದಯವಿಟ್ಟು, ತೀವ್ರ, ಅತ್ಯಂತ ಎಲ್ಲ ಹೊಡೆದು ಹಾಕಿಸಿದರು. ಕೊನೆಗೆ ಉಳಿದಿದ್ದು ನಾಲ್ಕು ಸಾಲು. ಈ ಬೀದಿಯ ಫುಟ್‌ಪಾತ್ ಕಾಮಗಾರಿಯ ಜಾಬ್ ಕೋಡ್ (ಕೆಲಸದ ನಂಬರು) ಯಾವುದು, ಎಷ್ಟು ಮೀಟರ್‌ಗೆ ಬಿಲ್ ಆಗಿದೆ, ಅಳತೆ ಪುಸ್ತಕದ ನಕಲು ಕೊಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರು, ರಿಜಿಸ್ಟರ್ ಪೋಸ್ಟ್ ಮಾಡಿದರು.

ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. ಬರಲಿಲ್ಲ. ಮೂವತ್ತೊಂದನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಟೀಚರಮ್ಮ ಮೇಲ್ಮನವಿ ಹಿಡಿದು ನಿಂತಿದ್ದರು. ಅದಾದ ಮೇಲೆ ಉತ್ತರ ಬಂತು, ಹದಿನಾಲ್ಕು ಪುಟ. ಅಳತೆ ಪುಸ್ತಕದಲ್ಲಿ ಇಡೀ ಬೀದಿ ಮುಗಿದಿತ್ತು, ಎರಡೂ ಬದಿ. ಟೀಚರಮ್ಮ ಮೊಮ್ಮಗಳ ಕೈಲಿ ಟೇಪು ಹಿಡಿಸಿ ಕಲ್ಲು ಇರುವಷ್ಟು ಉದ್ದವನ್ನು ಅಳೆದರು. ಗಣಿತದ ಪುಸ್ತಕದ ಹಾಗೆ ಎಡಗಡೆ ಬಿಲ್ಲಿನ ಅಳತೆ, ಬಲಗಡೆ ನಿಜದ ಅಳತೆ, ಕೆಳಗೆ ವ್ಯತ್ಯಾಸ. ಆ ಒಂದು ಹಾಳೆ ತಗೊಂಡು ಕಚೇರಿಗೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

ಅಲ್ಲಿನ ಇಂಜಿನಿಯರ್ ಹಾಳೆ ನೋಡಿದರು, ಟೀಚರಮ್ಮನ ಪ್ಲಾಸ್ಟರ್ ಕೈ ನೋಡಿದರು, ಮತ್ತೆ ಹಾಳೆ ನೋಡಿದರು. ನೀರು ಬೇಕಾ ಅಮ್ಮ ಅಂತ ಕೇಳಿದರು. ಬೇಡಪ್ಪ, ಕಲ್ಲು ಬೇಕು ಅಂದರು ಇವರು. ಮೂರು ವಾರಕ್ಕೆ ಕಲ್ಲಿನ ಲಾರಿ ಬಂತು. ಬೀದಿಯ ಒಂದು ಬದಿ ಪೂರ್ತಿ ಆಯಿತು. ಇನ್ನೊಂದು ಬದಿಯಲ್ಲಿ ಕೊನೆಯ ಐದಾರು ಮನೆ ಮುಂದೆ ಈಗಲೂ ಮಣ್ಣೇ. ಅದಕ್ಕೆ ಇನ್ನೊಂದು ಅರ್ಜಿ ಹೋಗಿದೆ.

ಒಟ್ಟು ಖರ್ಚು ನೂರು ರೂಪಾಯಿ ಒಳಗೆ, ಆಟೊ ಬಿಟ್ಟು. ಕಾರ್ಪೊರೇಟರ್ ಇದ್ದಿದ್ದರೆ ಮನೆ ಮುಂದೆ ನಿಂತು ಕೇಳಬಹುದಾಗಿದ್ದ ವಿಷಯಕ್ಕೆ ಅವರು ಐದು ತಿಂಗಳು ಓಡಾಡಿದರು. ಆ ಬೀದಿಯಲ್ಲಿ ಇಪ್ಪತ್ತೆಂಟು ಮನೆ ಇವೆ. ಜೊತೆಗೆ ಬಂದವರು ಯಾರೂ ಇಲ್ಲ. ಕೆಲಸ ಆದ ಮೇಲೆ ಕಲ್ಲು ಸ್ವಲ್ಪ ಜಾರುತ್ತೆ ಅಂತ ಟೀಚರಮ್ಮನ ಹತ್ತಿರವೇ ದೂರು ಹೇಳಿದವರು ಇದ್ದಾರೆ. ಕಲ್ಲನ್ನು ಟೀಚರಮ್ಮನೇ ಹಾಸಿದ ಹಾಗೆ!

ಇನ್ನು ವೋಟರ್ ಲಿಸ್ಟ್. ಪ್ರತಿ ಚುನಾವಣೆ ದಿನ ಹತ್ತು ಗಂಟೆ ಹೊತ್ತಿಗೆ ಯಾರಾದರೂ ಕೆಂಪು ಮುಖ ಮಾಡಿಕೊಂಡು ಅಂಗಡಿಗೆ ಬರುತ್ತಾರೆ. ‘ಕಾರ್ಡ್ ಇದೆ, ಆದರೂ ಹೆಸರಿಲ್ಲ ಅಂತಾರೆ!’ ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ಮನೆ ಬದಲಾಯಿಸಿದರೆ ಫಾರಂ 8, ಹೊಸದಾಗಿ ಸೇರಲು ಫಾರಂ 6. ಹದಿನೆಂಟು ತುಂಬಿದವರು ಈಗ ಜನವರಿಗೇ ಕಾಯಬೇಕಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೊದಲ ತಾರೀಖೂ ಲೆಕ್ಕಕ್ಕೆ ಬರುತ್ತದೆ. ಬಾಡಿಗೆ ಮನೆಯವರೂ ಇಲ್ಲೇ ಸೇರಬಹುದು. ‘ನಮ್ದು ಊರಲ್ಲಿದೆ ಅಣ್ಣ’ ಅನ್ನುವ ಹಾಸನ, ಮಂಡ್ಯದ ಹುಡುಗರು ಪಂಚಾಯ್ತಿ ಎಲೆಕ್ಷನ್ನಿಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ನೇತಾಡಿಕೊಂಡು ಹೋಗುವುದನ್ನು ನೋಡಿದ್ದೇನೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಗೆಲ್ಲುವವರು ಯಾರು ಅಂತ ಅವರಿಗೆ ಗೊತ್ತು, ಇಲ್ಲಿ ನಮಗೆ ಗೊತ್ತಿಲ್ಲ.

2024ರ ಮಾರ್ಚ್‌ನಲ್ಲಿ ಇದೇ ಊರು ಟ್ಯಾಂಕರ್ ನೀರಿಗೆ ಬಡಿದಾಡಿತು. ಏಪ್ರಿಲ್ 26ಕ್ಕೆ ಲೋಕಸಭೆಗೆ ವೋಟು. ನಗರದ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಶೇ. 55 ಆಗಲಿಲ್ಲ. ಅದೇ ದಿನ ಮಂಡ್ಯದಲ್ಲಿ ಶೇ. 80 ದಾಟಿತು. ಬೆರಳಿನ ಶಾಯಿ ತೋರಿಸಿದರೆ ದೋಸೆ ಬಿಟ್ಟಿ ಅಂದ ಹೋಟೆಲ್ ಮುಂದೆ ಮಾತ್ರ ಕ್ಯೂ ಇತ್ತು. ಆ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯದು, ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತದೆ. ಹಿಮಾಲಯದ ತಪ್ಪಲಿನವರೆಗೆ ಮುಟ್ಟುವ ಶಾಯಿ ಹನುಮಂತನಗರದ ಅರ್ಧ ಬೆರಳುಗಳಿಗೆ ಸಿಗುವುದಿಲ್ಲ.

ಹಾಗಂತ ಆ ಶೇಕಡಾ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ನಮ್ಮ ಅಪ್ಪ ತೀರಿಕೊಂಡಿದ್ದು 2016ರಲ್ಲಿ. 2024ರ ಪಟ್ಟಿಯಲ್ಲೂ ಅವರ ಹೆಸರು, ಫೋಟೊ ಎರಡೂ ಇದ್ದವು. ವೋಟು ಹಾಕದ ಸೋಮಾರಿಗಳ ಲೆಕ್ಕದಲ್ಲಿ ಪಾಪ ಅವರೂ ಸೇರಿದರು, ಬದುಕಿದ್ದಾಗ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಹೆಸರು ತೆಗೆಸಲು ಫಾರಂ 7 ಕೊಡಬೇಕು. ಆ ಫಾರಂ ನನ್ನ ಅಂಗಡಿಯ ಮೂರನೇ ಖಾನೆಯಲ್ಲಿ ಕಟ್ಟುಗಟ್ಟಲೆ ಇದೆ. ಎಂಟು ವರ್ಷ ಬೇರೆಯವರಿಗೆ ಎತ್ತಿ ಕೊಟ್ಟೆ, ಅಪ್ಪನಿಗೆ ತುಂಬಲಿಲ್ಲ. ಸೋಮಾರಿತನ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಪಟ್ಟಿಯಲ್ಲಾದರೂ ಇರಲಿ ಅನ್ನಿಸುತ್ತಿತ್ತು. ಹೋದ ವರ್ಷ ಮನೆಗೆ ಬಂದ ಅಂಗನವಾಡಿ ಟೀಚರ್, ಅವರೇ ವೋಟರ್ ಲಿಸ್ಟ್ ನೋಡಿಕೊಳ್ಳುವ ನಮ್ಮ ಬೂತಿನ ಬಿಎಲ್‌ಒ, ನನ್ನ ಎದುರು ಕೂತು ತುಂಬಿಸಿಕೊಂಡು ಹೋದರು. ಅವರು ಮೂರು ಮೂರು ಮಹಡಿ ಹತ್ತಿ ಬರುತ್ತಾರೆ. ಏನೋ ಮಾರಲು ಬಂದಿದ್ದಾರೆ ಅಂತ ನಾವು ಕಿಟಕಿಯಿಂದಲೇ ‘ಬೇಡ’ ಅನ್ನುತ್ತೇವೆ. ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಗೇಟಿನಿಂದಲೇ ಕಳಿಸುತ್ತಾನೆ. ಮುಂದಿನ ಸಲ ಒಂದು ಲೋಟ ಮಜ್ಜಿಗೆ ಕೊಡಿ.

ಮತ್ತೆ ಚುನಾವಣೆಯ ಮಾತು ಎದ್ದಿದೆ. ನನಗೆ ಅದು ಬೇಗ ಗೊತ್ತಾಗುತ್ತದೆ. ಯಾರೋ ಹುಡುಗರು ಬಂದು ಬೀದಿಯ ವೋಟರ್ ಐಡಿಗಳನ್ನೆಲ್ಲ ಕಂತೆ ಕಟ್ಟಿ ಜೆರಾಕ್ಸ್ ಮಾಡಿಸುತ್ತಾರೆ. ಆಮೇಲೆ ಓಂ ಶಕ್ತಿ ದೇವಸ್ಥಾನಕ್ಕೆ ಬಸ್ಸು, ಗೌರಿ ಹಬ್ಬಕ್ಕೆ ಬಾಗಿನ, ಕುಕ್ಕರ್. ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು ಅನ್ನುತ್ತದೆ ಕಾನೂನು. ಗಾರೆ ಕೆಲಸದವರ ಮನೆಗೆ ಬಂದ ಕುಕ್ಕರ್ ಬಗ್ಗೆ ನಾವು ಮೂಗು ಮುರಿಯುತ್ತೇವೆ. ಆದರೆ ಅಸೋಸಿಯೇಷನ್‌ಗೆ ಯಾರೋ ಕೊಡಿಸಿದ ಸಿಸಿಟಿವಿ ಕ್ಯಾಮೆರಾಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ನಂಬುತ್ತೀರೋ ಇಲ್ಲವೋ, ಆ ಸನ್ಮಾನ ಪತ್ರವನ್ನೂ ನಾನೇ ಪ್ರಿಂಟ್ ಹಾಕಿದ್ದು.

ಮನೆಗೆ ಬಂದವರನ್ನು ನೀವು ಏನು ಬೇಕಾದರೂ ಕೇಳಿ. ನಾನು ಕೇಳುವುದು ಒಂದೇ. ಮೊದಲು ತಿಂಗಳ ಮೊದಲ ಶನಿವಾರ ವಾರ್ಡ್ ಕಮಿಟಿ ಸಭೆ ಅಂತ ನಡೆಯುತ್ತಿತ್ತು. ಒಂದು ಸಲ ಹೋಗಿದ್ದೆ. ನಾನು, ಟೀಚರಮ್ಮ, ಇನ್ನು ಐದಾರು ಜನ, ಕಾಫಿ ತಂದುಕೊಟ್ಟ ಹುಡುಗ. ಕುರ್ಚಿ ಮೂವತ್ತು ಹಾಕಿದ್ದರು. ಅವತ್ತು ಒಂದು ಮೋರಿ ಹೂಳು, ಎರಡು ಬೀದಿ ದೀಪದ ವಿಷಯ ತೀರ್ಮಾನ ಆಯಿತು. ದೀಪ ಹತ್ತಿತು ಕೂಡ. ಆ ಸಭೆಯನ್ನು ತಿಂಗಳು ತಿಂಗಳು ತಪ್ಪದೆ ಕರೀತೀರಾ, ನಡಾವಳಿ ಬರೆದು ಬೋರ್ಡಿಗೆ ಹಾಕ್ತೀರಾ ಅಂತ ಕೇಳುತ್ತೇನೆ. ಹೂಂ ಅಂದವರ ಹತ್ತಿರ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುತ್ತೇನೆ. ಜೆರಾಕ್ಸ್ ಕಾಪಿ ನಿಮಗೆಲ್ಲ ಬಿಟ್ಟಿ.

ಸದ್ಯಕ್ಕೆ ಒಂದು ಕೆಲಸ. ನಮ್ಮ ಭಾಗದ ವೋಟರ್ ಲಿಸ್ಟನ್ನು ಪ್ರಿಂಟ್ ಹಾಕಿ, ಬೈಂಡ್ ಮಾಡಿ ಕೌಂಟರ್ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆ, ಭಾನುವಾರ ಮಧ್ಯಾಹ್ನದವರೆಗೆ. ನಿಮ್ಮ ಹೆಸರು ಇದೆಯಾ ನೋಡಿ. ಮನೆಯಲ್ಲಿ ತೀರಿಕೊಂಡವರ ಹೆಸರು ಇದೆಯಾ ಅಂತಲೂ ನೋಡಿ, ಫಾರಂ 7 ಕೇಳಿ, ನನಗೆ ಆ ಸಂಕಟ ಗೊತ್ತು. ಅಕ್ಷರ ಸಣ್ಣದು, ಕನ್ನಡಕ ಮರೆಯಬೇಡಿ. ಗುರುತು ಹಾಕಲು ಪೆನ್ಸಿಲ್ಲಿಗೆ ದಾರ ಕಟ್ಟಿ ಇಟ್ಟಿದ್ದೇನೆ. ಹೋದ ವಾರದಿಂದ ಇದು ಮೂರನೇ ಪೆನ್ಸಿಲ್. ದಯವಿಟ್ಟು ಬಿಟ್ಟು ಹೋಗಿ.

ಇಂತಿ,
50 ಅಡಿ ರಸ್ತೆಯ ಜೆರಾಕ್ಸ್ ಅಂಗಡಿಯವನು